ಆರು ತೋಳಿನ ಆಕ್ಟೋಪಸ್ಸೂ ನಮ್ಮನೆ ಬೆಕ್ಕೂ

ರಾತ್ರಿ ಹನ್ನೊಂದಾದ್ಮೇಲೆ ನಾನು ಹೆಡ್‌ಫೋನ್ ಹಾಕ್ಕೊಂಡು ಕೂತೆ ಅಂದ್ರೆ ಮನೇಲಿ ಎಲ್ರಿಗೂ ಗೊತ್ತು, ಇವತ್ತು ಯಾವ್ದೋ ಜೇಡನೋ ಏಡಿನೋ ಬಸ್ಸಿನಷ್ಟು ಬೆಳ್ದು ಊರು ನುಂಗ್ತಾ ಇದೆ ಅಂತ. ನೋಡೋಕೆ ಒಳ್ಳೆ ಸಿನಿಮಾ ಇಲ್ವಾ ಅಂತ ಹೆಂಡ್ತಿ ಕೇಳ್ತಾಳೆ. ಇದಾವೆ, ಆದ್ರೆ ಜೇಬಲ್ಲಿ ದುಡ್ಡಿಲ್ದ ಸಿನಿಮಾದೋರು ಎಷ್ಟು ಧೈರ್ಯವಾಗಿ ಸುಳ್ಳು ಹೇಳ್ತಾರೆ ಅಂತ ನೋಡೋ ಮಜಾನೇ ಬೇರೆ ಕಣ್ರೀ.

1959ರ 'ದ ಕಿಲ್ಲರ್ ಶ್ರೂಸ್' ತಗೊಳಿ. ಮನುಷ್ಯರನ್ನ ತಿನ್ನೋ ದೈತ್ಯ ಸುಂಡಿಲಿಗಳ ಕಥೆ. ಹತ್ರದ ಶಾಟಲ್ಲಿ ಹಲ್ಲು ಕಿರಿಯೋದು ಬೊಂಬೆ ತಲೆ, ದೂರದಿಂದ ಓಡಿ ಬರೋದು ಮಾತ್ರ ಸಾಕ್ಷಾತ್ ನಾಯಿಗಳು, ಮೈಮೇಲೆ ಕೂದ್ಲು ಹೊದಿಸಿ ಬಿಟ್ಟಿದಾರೆ ಅಷ್ಟೇ. ಅವು ಓಡಿ ಬರೋ ಉತ್ಸಾಹ ನೋಡಿದ್ರೆ ಹೀರೋನ ಕಚ್ಚೋಕಲ್ಲ, ನೆಕ್ಕೋಕೇ ಬರ್ತಿವೆ ಅನ್ಸುತ್ತೆ.

1955ರ 'ಇಟ್ ಕೇಮ್ ಫ್ರಮ್ ಬಿನೀತ್ ದ ಸೀ'ಲಿ ಒಂದು ದೈತ್ಯ ಆಕ್ಟೋಪಸ್ ಅಮೆರಿಕದ ಗೋಲ್ಡನ್ ಗೇಟ್ ಸೇತುವೆನೇ ತಬ್ಬಿ ಹಿಡಿಯುತ್ತೆ. ತೋಳು ಎಣಿಸಿ ನೋಡಿ, ಆರೇ! ಬೊಂಬೆನ ಚೂರುಚೂರೇ ಅಲ್ಲಾಡಿಸಿ ಒಂದೊಂದೇ ಫ್ರೇಮ್ ತೆಗೀಬೇಕಿತ್ತು, ಎರಡು ತೋಳು ಕಮ್ಮಿ ಆದ್ರೆ ಅಷ್ಟು ಕೆಲ್ಸ ಉಳೀತು, ದುಡ್ಡೂ ಉಳೀತು ಅಂತ ಆ ಬೊಂಬೆ ಆಡಿಸಿದ ರೇ ಹ್ಯಾರಿಹೌಸೆನ್ ಆರಕ್ಕೇ ನಿಲ್ಲಿಸಿಬಿಟ್ರು. ಇದು ಗೊತ್ತಾದ್ಮೇಲೆ ನಂಗೆ ಆ ಮನುಷ್ಯನ ಮೇಲೆ ಗೌರವ ಡಬಲ್ ಆಯ್ತು.

ನನ್ ತಮ್ಮ ಇಂಜಿನಿಯರ್, ಮಧ್ಯ ಬಾಯಿ ಹಾಕ್ತಾನೆ. ಪ್ರಾಣಿ ಹತ್ತು ಪಟ್ಟು ಉದ್ದಗಲ ಬೆಳೆದ್ರೆ ತೂಕ ಸಾವಿರ ಪಟ್ಟು ಆಗುತ್ತೆ, ಕಾಲಿನ ತಾಕತ್ತು ಮಾತ್ರ ನೂರೇ ಪಟ್ಟು, ನಿಂತಲ್ಲೇ ಮುರ್ಕೊಂಡು ಬೀಳುತ್ತೆ ಅಂತ. ಬೀಳ್ಲಿ ಬಿಡೋ, ನಿಂಗೇನು.

ನಾನು ಕೆಟ್ಟಿದ್ದು 1972ರ 'ನೈಟ್ ಆಫ್ ದ ಲೆಪಸ್'ನಿಂದ. ದೈತ್ಯ ಮೊಲಗಳು ಊರಿಗೆ ನುಗ್ಗೋ ಸಿನಿಮಾ. ಪಾಪ ನಿಜವಾದ ಮೊಲಗಳನ್ನೇ ಪುಟಾಣಿ ಸೆಟ್ ಮೇಲೆ ಓಡ್ಸಿ ಸ್ಲೋ ಮೋಷನಲ್ಲಿ ತೋರ್ಸಿದಾರೆ, ನಿಧಾನಕ್ಕೆ ಓಡಿದ್ರೆ ಭಾರ ಇದೆ ಅನ್ಸುತ್ತಲ್ಲ. ಇಷ್ಟೇ ತಾನೇ, ನಾವೂ ಮಾಡೋಣ ಅಂತ ಭಾನುವಾರ ಮಗಳ ಜೊತೆ ಕೂತೆ. ಔಷಧಿ ಡಬ್ಬಗಳೆಲ್ಲ ಸೇರಿ ಊರಾಯ್ತು, ಅವಳು ಸ್ಕೆಚ್ ಪೆನ್ನಲ್ಲಿ ಕಿಟಕಿ ಬರೆದ್ಲು, ಮಧ್ಯದಲ್ಲಿ ಶೂ ಬಾಕ್ಸು, ಅದು ಆಸ್ಪತ್ರೆಯಂತೆ. ರಾಕ್ಷಸ ನಮ್ಮನೆ ಬೆಕ್ಕು. ನಾನು ನೆಲದ ಮೇಲೆ ಬೋರಲು ಮಲಗಿ ಫೋನಲ್ಲಿ ಸ್ಲೋ ಮೋಷನ್ ಆನ್ ಮಾಡಿ ಆಕ್ಷನ್ ಅಂದೆ.

ರಾಕ್ಷಸ ಊರನ್ನ ಒಂದ್ಸಲ ಮೂಸಿ ನೋಡ್ತು, ಆಸ್ಪತ್ರೆ ಒಳಗೆ ಹತ್ತಿ ಒಂದು ಸುತ್ತು ತಿರುಗಿ ಮಲಗಿಬಿಡ್ತು. ಅಡ್ಮಿಟ್ ಆಯ್ತು ಅಂದ್ಲು ಮಗಳು. ಇಪ್ಪತ್ತು ನಿಮಿಷ ಕಾದ್ವಿ, ಕಿವಿನೂ ಅಲ್ಲಾಡಲಿಲ್ಲ, ಕೊನೆಗೆ ದಾರದ ತುದಿಗೆ ಕಾಗದ ಕಟ್ಟಿ ಮುಂದೆ ಆಡಿಸ್ದೆ. ಅದು ಹಾರಿದ್ದು ನಿಜ, ಆದ್ರೆ ಊರಿನ ಮೇಲಲ್ಲ, ನನ್ ಮುಖದ ಮೇಲೆ. ಮೂಗಿನ ಮೇಲೆ ಉದ್ದಕ್ಕೊಂದು ಗೀರು, ನಾನು ಕಿರುಚ್ಕೊಂಡು ಹೊರಳಿದ ರಭಸಕ್ಕೆ ಇಡೀ ಊರು ನೆಲಸಮ.

ಆಮೇಲೆ ವಿಡಿಯೋ ಹಾಕಿ ನೋಡಿದ್ರೆ ಬೆಕ್ಕು ಫ್ರೇಮಲ್ಲೇ ಇಲ್ಲ. ಇರೋದು ಬಾಯಿ ಕಳ್ಕೊಂಡು ನಿಧಾನಕ್ಕೆ ಕಟ್ಟಡಗಳ ಮೇಲೆ ಉರುಳ್ತಾ ಇರೋ ನಾನು, ಸ್ಲೋ ಮೋಷನ್ನಿಗೆ ನನ್ ಕಿರುಚಾಟ ದಪ್ಪಗಾಗಿ ಗೊರ್ ಅಂತ ಗರ್ಜನೆ ಬೇರೆ.

ಅಪ್ಪಾ, ರಾಕ್ಷಸ ಸಿಕ್ತು ಅಂದ್ಲು ಮಗಳು.

ಇಂಥ ಸಿನಿಮಾ ಐದು ನಿಮಿಷ ಕೂತು ನೋಡದ ನನ್ ಹೆಂಡ್ತಿ ಅದನ್ನ ಮೂರು ಸಲ ನೋಡಿದ್ಲು, ಹೆಡ್‌ಫೋನ್ ಇಲ್ದೇನೇ.