ಎಂಟೂ ಎಂಟೂ ಹದಿನಾರು, ಆದರೆ ಪಿಜ್ಜಾದಲ್ಲಿ ಹಾಗಲ್ಲ

ಬದಿಯಡ್ಕದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಲೆಕ್ಕ ಓಡಾಡುತ್ತಿದೆ: 12 ಇಂಚಿನ ಒಂದು ಪಿಜ್ಜಾದ ಬದಲು 8 ಇಂಚಿನ ಎರಡು ತರಿಸಿದರೆ 4 ಇಂಚು ಲಾಭವಂತೆ. ತಪ್ಪು. ಇಂಚು ಅಂದರೆ ಅಡ್ಡಳತೆ. ಹೊಟ್ಟೆಗೆ ಹೋಗುವುದು ಇಡೀ ವಿಸ್ತಾರ. ಎರಡು ಸಣ್ಣವು ಸೇರಿ ಸುಮಾರು 100 ಚದರ ಇಂಚು, ದೊಡ್ಡದೊಂದೇ 113. ಸಣ್ಣದರಲ್ಲಿ ಒಣ ಅಂಚೂ ಜಾಸ್ತಿ. ಮಕ್ಕಳು ಅದನ್ನು ತಟ್ಟೆಯ ಬದಿಗೆ ಸಾಲಾಗಿ ಇಡುವುದನ್ನು ನೋಡಿದ್ದೀರಲ್ವಾ?

ತಲೆಗೊಂದು ಪಿಜ್ಜಾ ಬೇಕು ಅನ್ನುವುದೂ ಸುಮ್ನೆ ಮಾತು. ದೊಡ್ಡದರಲ್ಲಿ ಸಾಮಾನ್ಯವಾಗಿ 8 ತುಂಡು. ತಲೆಗೆ 3 ಅಂದರೂ 20 ಜನಕ್ಕೆ 60, ಅಂದರೆ 8 ಪಿಜ್ಜಾ. ಮೊದಲೇ ಗೋಳಿಬಜೆ, ಚಹಾ ಆಗಿದ್ದರೆ 2ರಂತೆ 5 ಸಾಕು. ಒಂದಕ್ಕೊಂದು ಉಚಿತ ಇದ್ದ ದಿನ ಮಾತ್ರ ಸಣ್ಣದೇ ಅಗ್ಗ ಬಿದ್ದೀತು, ಬೆಲೆ ನೋಡಿಕೊಳ್ಳಿ.