ಪಾಸ್ ನಮ್ಮದು, ಸೀಸನ್ ಅವರದು

ನಮ್ಮ ಡೊಂಬಿವಲಿ ಮನೆಯ ಟಿವಿ ಕೆಳಗಿನ ಡ್ರಾಯರ್‌ನಲ್ಲಿ ನಾಲ್ಕು ಪ್ಲಾಸ್ಟಿಕ್ ಕಾರ್ಡುಗಳಿವೆ. ನನ್ನದು, ಹೆಂಡತಿಯದು, ಮಗನದು, ಮಗಳದು. ನನ್ನ ಕಾರ್ಡಿನ ಫೋಟೊದಲ್ಲಿ ಬಾಯಿ ಅರ್ಧ ತೆರೆದಿದೆ. ಕ್ಯಾಮೆರಾ ಹುಡುಗ ಕ್ಲಿಕ್ ಮಾಡುವಾಗ ನಾನು ‘ಟ್ಯಾಕ್ಸ್ ಸೇರಿ ಎಷ್ಟಾಯ್ತಪ್ಪಾ’ ಎಂದು ಕೇಳುತ್ತಿದ್ದೆ. ಫೋಟೊದ ಕೆಳಗೆ ಹೊಳೆಯುವ ಅಕ್ಷರದಲ್ಲಿ ‘ಸೀಸನ್ ಪಾಸ್’ ಎಂದಿದೆ. ಮೇಲೆ ಮುಂಬೈ ಹೊರಗಿನ ಒಂದು ಅಮ್ಯೂಸ್‌ಮೆಂಟ್ ಪಾರ್ಕಿನ ಹೆಸರಿದೆ. ಹೆಸರು ಹೇಳುವುದಿಲ್ಲ. ಹೇಳಿಯೂ ಉಪಯೋಗವಿಲ್ಲ, ನೀವು ಇದನ್ನು ಓದುವ ಹೊತ್ತಿಗೆ ಅದು ಇನ್ನೊಂದು ಸಲ ಬದಲಾಗಿದ್ದರೂ ಆಯಿತು.

ದೀಪಾವಳಿ ಆಫರ್‌ನಲ್ಲಿ ತಗೊಂಡ ಪಾಸು. ‘ಸೀಸನ್ ಪೂರ್ತಿ ಎಷ್ಟು ಸಲ ಬೇಕಾದರೂ ಬನ್ನಿ’ ಎಂದಿದ್ದರು. ಎಷ್ಟು ಸಲ ಬೇಕಾದರೂ ಹೋಗಬಹುದು ಎಂದಾದ ಮೇಲೆ ಹೋಗಲು ಅವಸರವೇನು? ಹೀಗೆಯೇ ನವೆಂಬರ್ ಹೋಯಿತು, ಡಿಸೆಂಬರ್ ಹೋಯಿತು, ಮಕ್ಕಳ ಪರೀಕ್ಷೆ ಬಂತು. ಪರೀಕ್ಷೆ ಮುಗಿಸಿ ಹೋದರೆ ಗೇಟಿನ ಮೇಲೆ ಬೇರೆ ಬೋರ್ಡು. ಹಳೆ ಅಕ್ಷರ ಕಿತ್ತ ಜಾಗದಲ್ಲಿ ಸುಣ್ಣ ಇನ್ನೂ ಒಣಗಿರಲಿಲ್ಲ.

ಕೌಂಟರ್ ಹುಡುಗ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

‘ಕಾಕಾ, ಇದು ಹಳೇ ಕಂಪನಿ ಪಾಸು.’

‘ಪಾರ್ಕು ಅದೇ ಅಲ್ವಾ?’

‘ಪಾರ್ಕು ಅದೇ. ಕಂಪನಿ ಬೇರೆ.’

‘ಅಲ್ಲಿ ತಲೆಕೆಳಗಾಗಿ ಹೋಗ್ತಾ ಇದೆಯಲ್ಲ, ಅದು ಅದೇ ಅಲ್ವಾ?’

‘ಅದೇ. ಬಣ್ಣ ಬೇರೆ.’

‘ನೀನೂ ಅವನೇ ಅಲ್ವಾ? ಈ ಫೋಟೊ ತೆಗೆದವನು ನೀನೇ ತಾನೇ?’

ಹುಡುಗ ಸ್ವಲ್ಪ ನಾಚಿಕೊಂಡ. ಎದೆ ಮೇಲಿನ ಹೊಸ ಲೋಗೊ ತೋರಿಸಿ, ‘ಟೀ ಶರ್ಟ್ ಬೇರೆ ಕಾಕಾ’ ಎಂದ.

ಆದರೆ ಹೊಸಬರು ಕರುಣಾಮಯಿಗಳು. ಹಳೆ ಪಾಸಿನವರನ್ನು ಬರಿಗೈಯಲ್ಲಿ ಕಳಿಸುವವರಲ್ಲ. ಅವರಿಗೊಂದು ‘ಅಪ್‌ಗ್ರೇಡ್’ ಇಟ್ಟಿದ್ದರು. ಹಳೆ ಪಾಸು ತೋರಿಸಬೇಕು, ಮೇಲೆ ಒಂದಿಷ್ಟು ದುಡ್ಡು ಕೊಡಬೇಕು, ಹೊಸ ಪಾಸು ತಗೋಬೇಕು. ಆ ಒಂದಿಷ್ಟು ಎಷ್ಟು ಎಂದು ನೋಡಿದರೆ ಹೊಸ ಪಾಸಿನ ಬೆಲೆಗಿಂತ ನೂರು ರೂಪಾಯಿ ಕಮ್ಮಿ. ಅಂದರೆ ನನ್ನ ಹಳೆ ಪಾಸಿಗೆ ನೂರು ರೂಪಾಯಿ ಮರ್ಯಾದೆ. ರದ್ದಿ ಅಂಗಡಿಯವನು ಅಷ್ಟು ಕೊಡುತ್ತಿರಲಿಲ್ಲ, ಅದನ್ನು ಒಪ್ಪಬೇಕು.

ಸೀಸನ್ ಎಂದರೆ ಯಾವುದು ಎಂದು ಕೇಳಿದೆ. ಹುಡುಗ ಒಂದು ಹಾಳೆ ಕೊಟ್ಟ. ಸಾಸಿವೆ ಕಾಳಿನಷ್ಟು ಅಕ್ಷರ. ಕನ್ನಡಕ ಹಣೆಗೇರಿಸಿ, ಹಾಳೆ ಮೂಗಿಗೆ ತಾಗಿಸಿ ಓದಿದೆ. ಶನಿವಾರ, ಭಾನುವಾರ ಪಾಸ್ ನಡೆಯುವುದಿಲ್ಲ. ಅಲ್ಲಿಗೆ ವರ್ಷದ ನೂರನಾಲ್ಕು ದಿನ ಕಳೆಯಿತು. ಸರ್ಕಾರಿ ರಜೆಗಳಂದು ಇಲ್ಲ. ಗಣಪತಿ, ದೀಪಾವಳಿ, ಕ್ರಿಸ್‌ಮಸ್ ವಾರಗಳಲ್ಲಿ ಇಲ್ಲ. ಮೇ ತಿಂಗಳು ಪೂರ್ತಿ ಇಲ್ಲ. ಮಳೆಗಾಲದಲ್ಲಿ ಇದೆ, ಆದರೆ ಮಳೆ ಬಂದರೆ ಎತ್ತರದ ರೈಡುಗಳು ಇಲ್ಲ. ಮಂಗಳವಾರ ರಿಪೇರಿ. ಉಳಿದದ್ದು ಸೋಮವಾರ ಮತ್ತು ಬುಧವಾರದಿಂದ ಶುಕ್ರವಾರದವರೆಗೆ. ಅಂದರೆ ಮಕ್ಕಳು ಶಾಲೆಯಲ್ಲೂ ನಾನು ಆಫೀಸಿನಲ್ಲೂ ಇರುವ ದಿನಗಳು. ಆ ದಿನಗಳಲ್ಲಿ ನಮಗೆ ಪೂರ್ಣ ಸ್ವಾತಂತ್ರ್ಯ. ಎಷ್ಟು ಸಲ ಬೇಕಾದರೂ ಹೋಗಬಹುದು.

ಮುಂಬೈಯವನಿಗೆ ಪಾಸ್ ಎಂಬ ಶಬ್ದದ ಮೇಲೆ ಒಂದು ಭಕ್ತಿ ಇರುತ್ತದೆ. ಅದನ್ನು ಕಲಿಸಿದ್ದು ರೈಲು. ಲೋಕಲ್ ಗಾಡಿಯ ತಿಂಗಳ ಪಾಸಿಗೂ ರೈಲ್ವೆಯವರ ಭಾಷೆಯಲ್ಲಿ ಸೀಸನ್ ಟಿಕೆಟ್ ಎಂದೇ ಹೆಸರು. 2014ರ ಜೂನ್‌ನಲ್ಲಿ ಒಂದು ತಮಾಷೆ ನಡೆದಿತ್ತು. ಅಲ್ಲಿಯವರೆಗೆ ಹದಿನೈದು ಸಲದ ಟಿಕೆಟ್ ದುಡ್ಡಿಗೆ ತಿಂಗಳ ಪಾಸು ಸಿಗುತ್ತಿತ್ತು. ಇನ್ನು ಮೂವತ್ತು ಸಲದ ದುಡ್ಡು ಕೊಡಿ ಎಂದು ರೈಲ್ವೆ ಹೇಳಿತು. ಊರು ಎದ್ದು ನಿಂತಿತು. ಕೆಲವೇ ದಿನಗಳಲ್ಲಿ ಆ ಏರಿಕೆ ವಾಪಸ್ ಹೋಯಿತು. ನೋಡಿ, ಅಂಥಾ ರೈಲ್ವೆ ಕೂಡ ‘ಶನಿವಾರ ಭಾನುವಾರ ಪಾಸ್ ನಡೆಯೋದಿಲ್ಲ’ ಎನ್ನುವ ಧೈರ್ಯ ಮಾಡಿಲ್ಲ. ಕುರ್ಲಾ, ಸಯನ್ ನಡುವೆ ಹಳಿ ಮುಳುಗಿ ಗಾಡಿ ನಿಂತರೂ ನಮ್ಮ ಪಾಸು ನಿಲ್ಲುವುದಿಲ್ಲ. ಗಾಡಿ ಇಲ್ಲದಿದ್ದರೂ ಪಾಸು ಇದೆ ಎಂಬ ಸಮಾಧಾನ ಇರುತ್ತದೆ.

ಮನೆಗೆ ಬಂದು ಮೂರನೇ ಮಾಳಿಗೆಯ ಶೆಟ್ಟರಿಗೆ ಇದನ್ನೆಲ್ಲ ಹೇಳಿದೆ. ಶೆಟ್ಟರು ನಲವತ್ತು ವರ್ಷ ಫೋರ್ಟ್‌ನಲ್ಲಿ ಹೋಟೆಲ್ ನಡೆಸಿದವರು. ಆಮೇಲೆ ಕಂಡಕ್ಟಿಂಗ್‌ಗೆ ಕೊಟ್ಟು ಈಗ ಬಾಲ್ಕನಿಯಲ್ಲಿ ಕೂತು ಪೇಪರ್ ಓದುತ್ತಾರೆ. ಮುಂಬೈ ಹೋಟೆಲಿನವರಿಗೆ ಕಂಡಕ್ಟಿಂಗ್ ಎಂದರೆ ಏನೆಂದು ವಿವರಿಸಬೇಕಿಲ್ಲ. ಉಳಿದವರಿಗೆ: ಲೈಸನ್ಸು ಒಬ್ಬರದು, ಗಲ್ಲಾದಲ್ಲಿ ಕೂರುವವನು ಇನ್ನೊಬ್ಬ, ಡಿಪಾಸಿಟ್ ಕೊಟ್ಟು ತಿಂಗಳ ಲೆಕ್ಕದಲ್ಲಿ ನಡೆಸುತ್ತಾನೆ.

‘ಎಂತ ಮಾರಾಯ್ರೇ, ಕೂಪನ್ ತಕೊಳ್ಳಲಿಲ್ವಾ ಅವರು?’ ಎಂದರು ಶೆಟ್ಟರು. ಅವರಿಗೆ ಇದು ಪಾರ್ಕಿನ ವಿಷಯವಾಗಿ ಕಾಣಲೇ ಇಲ್ಲ. ಊಟದ ಕೂಪನ್ ವಿಷಯವಾಗಿಯೇ ಕಂಡಿತು. ಅವರ ಹೋಟೆಲಲ್ಲಿ ಆಫೀಸಿನವರು ತಿಂಗಳ ಶುರುವಿಗೆ ಊಟದ ಕೂಪನ್ ಬುಕ್ಕು ತಗೊಳ್ಳುತ್ತಿದ್ದರು. ಗುಲಾಬಿ ಬಣ್ಣದ ಚೀಟಿಗಳು, ಮೂಲೆಯಲ್ಲಿ ಎಣ್ಣೆ ಕಲೆ, ಹಿಂದೆ ರಬ್ಬರ್ ಸ್ಟ್ಯಾಂಪು. ಹೋಟೆಲ್ ಕೈ ಬದಲಾಗುವ ದಿನ ಶೆಟ್ಟರು ಹೊಸಬನನ್ನು ಕೂರಿಸಿ ಮೊದಲು ಎಣಿಸಿದ್ದು ಪಾತ್ರೆಯಲ್ಲ, ಗ್ರೈಂಡರ್ ಅಲ್ಲ. ಊರಲ್ಲಿ ಹರಿಯದೆ ಉಳಿದ ಕೂಪನ್ ಎಷ್ಟು ಎಂದು.

‘ಇನ್ನೂರ ಹದಿನೇಳು ಊಟ ಬಾಕಿ ಇತ್ತು. ಅದರ ದುಡ್ಡು ನಾನು ತಿಂದಾಗಿದೆ. ಊಟ ಹಾಕುವವನು ಅವನು. ಹಾಗಾಗಿ ಅಷ್ಟು ದುಡ್ಡು ಡಿಪಾಸಿಟ್‌ನಲ್ಲಿ ಕಳೆದೆವು. ಗಿರಾಕಿಗೆ ಗೊತ್ತೇ ಆಗಲಿಲ್ಲ. ಸಾಂಬಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಮಾತ್ರ ಗೊತ್ತಾಯ್ತು.’

ನೂರಾರು ಎಕರೆ ಜಾಗ, ವಕೀಲರ ದಂಡು, ಲೆಕ್ಕಪರಿಶೋಧಕರ ಫೈಲು ಇರುವ ಕಂಪನಿಗೆ ಹೊಳೆಯದ್ದು ಗುಲಾಬಿ ಚೀಟಿಯ ಹೋಟೆಲಿಗೆ ಹೊಳೆದಿತ್ತು. ಅಥವಾ ಹೊಳೆದೂ ಬೇಡವಾಗಿತ್ತೋ ಏನೋ.

ಅಂದಿನಿಂದ ಶೆಟ್ಟರಿಗೆ ಪಾರ್ಕುಗಳ ಮಾರಾಟದ ಸುದ್ದಿಯೇ ಧ್ಯಾನ. ಪೇಪರ್ ಕತ್ತರಿಸಿ ಇಟ್ಟು ನನ್ನನ್ನು ಕರೆಯುತ್ತಾರೆ. ಖೋಪೋಲಿ ಹತ್ತಿರದ ಇಮ್ಯಾಜಿಕಾದ ಕತೆ ಅವರಿಗೆ ಬಾಯಿಪಾಠ. ಮನಮೋಹನ್ ಶೆಟ್ಟಿಯವರು 2013ರಲ್ಲಿ ಶುರು ಮಾಡಿದ್ದು. ಹೆಸರಲ್ಲಿ ಶೆಟ್ಟಿ ಇರುವುದರಿಂದ ನಮ್ಮ ಶೆಟ್ಟರಿಗೆ ಅಷ್ಟರ ಮಟ್ಟಿಗೆ ಅದು ಸ್ವಂತ ಪಾರ್ಕು. ಆಗ ಅದು ಆ್ಯಡ್‌ಲ್ಯಾಬ್ಸ್ ಇಮ್ಯಾಜಿಕಾ. ಆ್ಯಡ್‌ಲ್ಯಾಬ್ಸ್ ಎಂದರೆ ಮನಮೋಹನ್ ಶೆಟ್ಟಿಯವರದೇ ಸಿನಿಮಾ ಕಂಪನಿಯ ಹೆಸರು, ಆ ಸಿನಿಮಾ ಕಂಪನಿ ಅದಕ್ಕೂ ಮೊದಲೇ ಅನಿಲ್ ಅಂಬಾನಿ ಕಡೆಗೆ ಹೋಗಿತ್ತು. 2015ರಲ್ಲಿ ಪಾರ್ಕಿನ ಕಂಪನಿ ಷೇರು ಪೇಟೆಗೆ ಬಂತು. ರೋಲರ್ ಕೋಸ್ಟರಿಗೆ ಹೆದರುವವರೂ ಕೂತಲ್ಲೇ ಮೇಲೆ ಕೆಳಗೆ ಹೋಗುವ ಅನುಕೂಲ ಆಯಿತು. ಸಾಲ ಬೆಳೆಯಿತು. 2022ರಲ್ಲಿ ಸಂಗಮನೇರ್‌ನ ಮಾಲ್ಪಾಣಿ ಗ್ರೂಪು ಅದನ್ನು ಹಿಡಿದುಕೊಂಡಿತು. ಅಷ್ಟರಲ್ಲಿ ಕಂಪನಿಯ ಹೆಸರಿನಿಂದ ಆ್ಯಡ್‌ಲ್ಯಾಬ್ಸ್ ಹೋಗಿ ಇಮ್ಯಾಜಿಕಾಕ್ಕೆ ಇಂಗ್ಲಿಷಿನಲ್ಲಿ ಕೊನೆಗೆ ಇನ್ನೊಂದು ‘ಎ’ ಅಂಟಿತ್ತು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ನಮ್ಮ ‘ಕಾ’ಗೆ ದೀರ್ಘ ಮೊದಲಿನಿಂದಲೂ ಇತ್ತು, ಅದಕ್ಕೆ ನಾವೇನೂ ಖರ್ಚು ಮಾಡಿರಲಿಲ್ಲ.

ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಗೊರಾಯಿಯಲ್ಲಿ ಎಸ್ಸೆಲ್ ವರ್ಲ್ಡ್ ಶುರುವಾದದ್ದು 1989ರಲ್ಲಿ. ಹೋಗಲು ಖಾಡಿ, ಅಂದರೆ ಸಮುದ್ರದ ಹಿನ್ನೀರು, ದಾಟಬೇಕಿತ್ತು, ದೋಣಿಯೇ ಮೊದಲ ರೈಡು. ಒಂದು ದಿನದ ಟಿಕೆಟ್, ಒಂದು ದಿನದ ಮಜಾ, ಒಂದು ವಾರದ ನೆಗಡಿ. ಪಾರ್ಕಿನ ಮಾಲೀಕ ಯಾರು ಎಂದು ಯಾವ ಮಗುವೂ ಕೇಳಲಿಲ್ಲ. ಈಗ ಆರನೇ ಕ್ಲಾಸಿನ ನನ್ನ ಮಗ ಜಾರುಬಂಡಿ ಹತ್ತುವ ಮೊದಲು, ‘ಅಪ್ಪಾ, ಇದು ಈಗ ಯಾರದ್ದು?’ ಎಂದು ಕೇಳುತ್ತಾನೆ.

ಸರ್ಕಾರವೂ ಈ ಮಜಾದಲ್ಲಿ ಹಿಂದೆ ಬಿದ್ದಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಪಾರ್ಕಿನ ಟಿಕೆಟ್‌ಗೆ 28 ಪರ್ಸೆಂಟ್ ಹಾಕಿದರು. ಗೋವಾದ ಕ್ಯಾಸಿನೊ, ಮಹಾಲಕ್ಷ್ಮಿಯ ಕುದುರೆ ರೇಸು, ನನ್ನ ಮಗಳು ಕೂರುವ ಮರದ ಕುದುರೆ, ಮೂರಕ್ಕೂ ಒಂದೇ ದರ. 2018ರ ಜನವರಿಯಲ್ಲಿ ಯಾರಿಗೋ ವ್ಯತ್ಯಾಸ ಕಂಡಿರಬೇಕು, ಮರದ ಕುದುರೆಯನ್ನು 18ಕ್ಕೆ ಇಳಿಸಿದರು.

ಇನ್ನು ಮಳೆಗಾಲ. ಅಪ್‌ಗ್ರೇಡ್ ಮಾಡಿಸಿದ್ದೇ ಮಾಡಿಸಿದ್ದು ಎಂದು ನಮ್ಮ ಕನ್ನಡ ಸಂಘದ ಪಿಕ್ನಿಕ್ ಬಸ್ಸಿನಲ್ಲಿ ಜುಲೈನ ಒಂದು ಶುಕ್ರವಾರ ನಾವೂ ಹೊರಟೆವು. ಹಿಂದಿನ ರಾತ್ರಿ ಮಳೆಗೆ ಬಿಲ್ಡಿಂಗಿನ ಗೇಟಿನಲ್ಲಿ ಮೊಣಕಾಲು ನೀರು. ಪ್ಯಾಂಟ್ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಮುನಿಸಿಪಾಲಿಟಿಗೆ ಬೈಯುತ್ತ ಬಸ್ ಹತ್ತಿದೆವು. ಹೋದದ್ದು ನೀರಿನಲ್ಲಿ ಆಡುವುದಕ್ಕೆ.

ಗೇಟಿನಲ್ಲಿ ಬ್ಯಾಗ್ ತಪಾಸಣೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಸೆಕ್ಯುರಿಟಿಯವನು ನನ್ನ ಅತ್ತೆಯವರ ಡಬ್ಬಿ ತೆಗೆದ. ಕೋಡುಬಳೆ. ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಅದು ತಿನ್ನುವ ವಸ್ತು ಹೌದೋ ಅಲ್ಲವೋ ಎಂದು ಅವನಿಗೆ ಅನುಮಾನ. ‘ಬಳೆ ಕಣಪ್ಪಾ’ ಎಂದರು ಅತ್ತೆ ಹಿಂದಿಯಲ್ಲಿ, ಮುಖದ ಒಂದು ಗೆರೆ ಅಲ್ಲಾಡಿಸದೆ. ಅವನು ಕಟಕ್ ಎಂದು ಮುರಿದು ಬಾಯಿಗೆ ಹಾಕಿಕೊಂಡು ಅನುಮಾನ ಪರಿಹಾರ ಮಾಡಿಕೊಂಡ. ಡಬ್ಬಿ ಅಲ್ಲೇ ಉಳಿಯಿತು.

ಒಳಗೆ ಹೋದರೆ ಕಾಟನ್ ಬಟ್ಟೆ ನಡೆಯುವುದಿಲ್ಲ, ನೈಲಾನ್ ಬಾಡಿಗೆಗೆ ತಗೊಳ್ಳಿ. ಬಾಡಿಗೆ ಬೇರೆ, ಡಿಪಾಸಿಟ್ ಬೇರೆ. ಲಾಕರ್‌ಗೆ ಬಾಡಿಗೆ ಬೇರೆ, ಅದರ ಚಾವಿಗೆ ಡಿಪಾಸಿಟ್ ಬೇರೆ. ನನಗೆ ಸಿಕ್ಕ ಚಡ್ಡಿಯ ಮೇಲೆ ಹಳೆ ಕಂಪನಿಯ ಹೆಸರೇ ಇತ್ತು. ಪಾಸು ರದ್ದಾದರೂ ಚಡ್ಡಿ ರದ್ದಾಗಿರಲಿಲ್ಲ.

ಹನ್ನೊಂದೂವರೆಗೆ ಮೋಡ ಕಟ್ಟಿ ಮಳೆ ಹೊಡೆಯತೊಡಗಿತು. ಸೀಟಿ ಊದಿ ಎತ್ತರದ ರೈಡುಗಳನ್ನೆಲ್ಲ ನಿಲ್ಲಿಸಿದರು. ಗುಡುಗು ಮಿಂಚಿಗೆ ನಿಲ್ಲಿಸಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಮೈಕಿನಲ್ಲಿ ಏನು ಕೂಗಿದರು ಗೊತ್ತಾ? ‘ಎಲ್ಲರೂ ರೈನ್ ಡ್ಯಾನ್ಸ್ ಕಡೆ ಬನ್ನಿ.’ ಹೋದೆವು. ತಗಡಿನ ಮಾಡು. ಮಾಡಿನ ಮೇಲೆ ದೇವರ ಮಳೆ ಪುಕ್ಕಟೆ ಸುರಿಯುತ್ತಿದೆ. ಮಾಡಿನ ಕೆಳಗೆ ಪೈಪಿನಿಂದ ಕಂಪನಿಯ ಮಳೆ. ನಿಜವಾದ ಮಳೆಯಲ್ಲಿ ನೆನೆದ ಜನ ಅದರಿಂದ ತಪ್ಪಿಸಿಕೊಳ್ಳಲು ಓಡಿ ಬಂದು, ದುಡ್ಡು ಕೊಟ್ಟ ಮಳೆಯಲ್ಲಿ ಕುಣಿಯುತ್ತಿದ್ದರು. ನಾನೂ ಕುಣಿದೆ. ದುಡ್ಡು ಕೊಟ್ಟಾಗಿದೆ, ಸುಮ್ನೆ ನಿಲ್ಲೋಕಾಗುತ್ತಾ? ಪಕ್ಕದಲ್ಲಿ ನಮ್ಮ ಸಂಘದ ಖಜಾಂಚಿ ಶವರ್ ಕ್ಯಾಪ್ ಹಾಕಿಕೊಂಡು ಕುಣಿಯುತ್ತಿದ್ದರು.

ಅಮೆರಿಕದಲ್ಲಿರುವ ನನ್ನ ಭಾಮೈದನಿಗೆ ಈ ವಿಡಿಯೊ ಕಳಿಸಿದೆ. ಅಲ್ಲಿನ ಪಾರ್ಕುಗಳು ಸೀಸನ್ ಎಂದರೆ ಸೀಸನ್ ಎನ್ನುತ್ತಾನೆ. ಚಳಿ ಬಿದ್ದರೆ ಬೀಗ. ಅಲ್ಲೂ ಮಾಲೀಕರು ನೆಟ್ಟಗೆ ಕೂತಿಲ್ಲ. 2024ರ ಜುಲೈ 1ರಂದು ಸೀಡರ್ ಫೇರ್, ಸಿಕ್ಸ್ ಫ್ಲ್ಯಾಗ್ಸ್ ಎಂಬ ಎರಡು ದೊಡ್ಡ ಕಂಪನಿಗಳು ಒಂದಾದವು. ಎರಡರದ್ದೂ ಸೇರಿ 42 ಪಾರ್ಕು. ಹೆಸರು ಸಿಕ್ಸ್ ಫ್ಲ್ಯಾಗ್ಸ್‌ದು ಇಟ್ಟುಕೊಂಡರು, ಷೇರು ಪೇಟೆಯ ಮೂರಕ್ಷರದ ಗುರುತು ಸೀಡರ್ ಫೇರ್‌ನದು ಇಟ್ಟುಕೊಂಡರು. ಆ ಗುರುತು ಏನೆಂದರೆ ‘ಫನ್’. ಮಜಾ ಇವತ್ತು ಎಷ್ಟು ಇಳಿಯಿತು ಎಂದು ಅಲ್ಲಿ ದಿನಾ ಸಂಜೆ ಅಂಕಿಯಲ್ಲೇ ತಿಳಿಯುತ್ತದೆ. ಅವರ ಮೇರಿಲ್ಯಾಂಡಿನ ಪಾರ್ಕು 2025ರ ನವೆಂಬರ್ ಆರಂಭದಲ್ಲಿ ಶಾಶ್ವತವಾಗಿ ಬಾಗಿಲು ಹಾಕಿತು. ಶೆಟ್ಟರು ಇದನ್ನು ಕೇಳಿ, ‘ಅಲ್ಲಿ ಎಷ್ಟು ಕೂಪನ್ ಬಾಕಿ ಇತ್ತಂತೆ?’ ಎಂದು ವಿಚಾರಿಸಿದರು.

ಹೋದ ವಾರ ಮೊಬೈಲಿಗೆ ಮೆಸೇಜು ಬಂತು. ನಮ್ಮ ಪಾರ್ಕಿಗೆ ಮತ್ತೆ ಹೊಸ ಆಡಳಿತ. ‘ಪ್ರಿಯ ಅತಿಥಿಗಳೇ, ಸೀಸನ್ ಪಾಸ್ ಯೋಜನೆ ನಿಂತಿದೆ. ಅದರ ಬದಲು ಲೈಫ್‌ಟೈಮ್ ಪಾಸ್ ತಂದಿದ್ದೇವೆ.’ ಕೆಳಗೆ ಸಾಸಿವೆ ಕಾಳು. ಈ ಸಲ ಭೂತಕನ್ನಡಿ ಹಿಡಿದು ಓದಿದೆ. ಲೈಫ್‌ಟೈಮ್ ಎಂದರೆ ಪಾರ್ಕು ಈಗಿನ ಆಡಳಿತದ ಕೈಯಲ್ಲಿರುವವರೆಗೆ ಎಂದಿತ್ತು.

ಮೂರನೇ ಮಾಳಿಗೆಗೆ ಓಡಿ ತೋರಿಸಿದೆ. ಶೆಟ್ಟರು ಬನಿಯನ್ನಿನ ಒಳಗಿನ ಜೇಬಿಗೆ ಕೈ ಹಾಕಿ ಹೊಚ್ಚ ಹೊಸ ಕಾರ್ಡು ತೆಗೆದರು. ಫೋಟೊದಲ್ಲಿ ಬಾಯಿ ಮುಚ್ಚಿತ್ತು.

‘ನೀವು ತಗೊಂಡ್ರಾ? ಎಪ್ಪತ್ತೆಂಟು ವರ್ಷಕ್ಕೆ?’

‘ಬೈಪಾಸೇ ಆಗಿದೆ, ಇನ್ನು ಪಾಸಿಗೆ ಹೆದರುವುದೆಂತ ಮಾರಾಯ್ರೇ’ ಎಂದರು ಶೆಟ್ಟರು. ‘ಮತ್ತೆ ನಾನು ಲೆಕ್ಕ ಹಾಕಿಯೇ ತಕೊಂಡದ್ದು. ಈ ಓನರಿನ ಲೈಫಿಗಿಂತ ನನ್ನದು ಜಾಸ್ತಿ ಇದೆ. ಬೇಕಾದ್ರೆ ಬರೆದಿಡಿ.’