ಭವನದ ಬೀಗದ ಕೈ ಯಾರ ಹತ್ರ?

ಹೋದ ಭಾನುವಾರ ಸಂಜೆ ನಮ್ಮ ಬಡಾವಣೆಯ ಸಮುದಾಯ ಭವನದ ಮುಂದೆ ಎಂಟು ಹತ್ತು ಹುಡುಗರು ಕೂತಿದ್ದರು. ಒಬ್ಬನ ತೊಡೆ ಮೇಲೆ ವಾಲಿಬಾಲ್. ಗೇಟಿಗೆ ಬೀಗ. ಮಧ್ಯಾಹ್ನ ಯಾರದೋ ಬೀಗರ ಊಟ ಆಗಿತ್ತು. ಎಂಜಲೆಲೆ ರಾಶಿ ಹತ್ರ ನಾಯಿಗಳು ಕಿತ್ತಾಡುತ್ತಿದ್ದವು. "ಕೀ ಇರೋರು ಊರಿಗೆ ಹೋಗವ್ರಂತೆ ಅಣ್ಣ" ಅಂದ ಒಬ್ಬ. ಬೀಗರಿಗೆ ತೆರೆಯುವ ಬೀಗ ನಮ್ಮ ಹುಡುಗರಿಗೆ ತೆರೆಯುವುದಿಲ್ಲ ನೋಡಿ.

ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದೇನೆ. ಹುಡುಗರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಾಗದಪತ್ರ ನೋಡುವುದು ನನ್ನ ಕೆಲಸ. ಕಾರ್ಖಾನೆಯಲ್ಲೇ ಕೆಲಸ ಕಲಿಯುವವರಿಗಾಗಿ ಅಪ್ರೆಂಟಿಸ್ ಕಾಯ್ದೆ 1961ರಿಂದಲೂ ಇದೆ. 30 ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಡೆ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಮ್ಮ ಭವನದಿಂದ ಈ ಕಾರ್ಖಾನೆಗಳಿಗೆ ಬೈಕಿನಲ್ಲಿ ಇಪ್ಪತ್ತು ನಿಮಿಷ. ಆದರೂ ಈ ಹುಡುಗರು ಅಲ್ಲಿಗೆ ತಲುಪುವುದಿಲ್ಲ. ಯಾಕೆ?

ಒಂದು ಸಂಜೆ ಆಟ ಮುಗಿದ ಮೇಲೆ ಒಬ್ಬ ಹುಡುಗ ಹಿಂದೆಯೇ ಬಂದ. ಐಟಿಐ ಫಿಟ್ಟರ್ ಮುಗಿಸಿದವನು. ಮಡಚಿದ ಪ್ಲಾಸ್ಟಿಕ್ ಕವರಿನಿಂದ ಕಾಗದ ತೆಗೆದ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು, ಮುಂದೆ ಒಂದೇ ಇನಿಷಿಯಲ್. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ಅಪ್ರೆಂಟಿಸ್‌ಗೆ ಮಾಡುವ ಆನ್‌ಲೈನ್ ನೋಂದಣಿ ಅಲ್ಲಿಗೇ ನಿಂತಿದೆ. ಎರಡು ಸಲ ವಾಪಸ್ ಬಂದು ಸುಮ್ನಾಗಿಬಿಟ್ಟಿದ್ದಾನೆ. ಮನೆಯಲ್ಲಿ "ಕೆಲಸ ಖಾಲಿ ಇಲ್ವಂತೆ" ಅಂದಿದ್ದಾನೆ. ಅದನ್ನು ಸರಿ ಮಾಡಿಸಲು ನಮಗೆ ಬೇಕಾಗಿದ್ದು ಆಧಾರ್ ಕೇಂದ್ರಕ್ಕೆ ಎರಡು ಓಡಾಟ, ಅಷ್ಟೇ. ಅದಕ್ಕಾಗಿ ಏಳು ತಿಂಗಳು ಮನೆಯಲ್ಲಿ ಕೂತಿದ್ದ.

ಇಂಥವನು ಉದ್ಯೋಗ ಮೇಳಕ್ಕೆ ಹೋಗುವುದಿಲ್ಲ. ಹೋದರೂ ಅಷ್ಟು ಜನರ ಮುಂದೆ ಆ ಕವರ್ ತೆಗೆಯುವುದಿಲ್ಲ. ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಬಂತಲ್ಲ ಅನ್ನಬಹುದು. ತಿಂಗಳಿಗೆ ಪದವಿ ಆದವರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಒಳ್ಳೆಯದೇ. ಆದರೆ ನಮ್ಮ ಭವನದ ಮೆಟ್ಟಿಲ ಮೇಲೆ ಕೂತಿರುವವರು ಜಾಸ್ತಿ ಐಟಿಐ ಮುಗಿಸಿದವರು, ಪಿಯುಸಿ ಫೇಲ್ ಆದವರು.

ಹುಡುಗರು ಬರುವುದು ಬಾಲ್‌ಗೆ. ಅರ್ಜಿಗಲ್ಲ. ಬಾಲ್‌ಗೆ ಬಂದವನು ಒಂದು ದಿನ ಅರ್ಜಿ ತೆಗೆಯುತ್ತಾನೆ. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ನಮ್ಮ ಗರಡಿ ಮನೆಗಳು ಮತ್ತಿನ್ನೇನು? ಕುಸ್ತಿಯ ಮಣ್ಣಿಗೆ ಇಳಿಯುವ ಹುಡುಗ ಯಾರ ಮಗ, ಏನು ತಿಂದ, ಯಾಕೆ ಎರಡು ದಿನ ಬರಲಿಲ್ಲ ಅನ್ನುವುದು ಉಸ್ತಾದರಿಗೆ ಗೊತ್ತಿರುತ್ತಿತ್ತು. ದಸರಾ ಕುಸ್ತಿ ವರ್ಷಕ್ಕೊಮ್ಮೆ. ಗರಡಿ ಬಾಗಿಲು ಮಾತ್ರ ದಿನಾ ತೆರೆಯುತ್ತಿತ್ತು.

ಈಗ ಎಲ್ಲಾ ಹದಿನೈದು ದಿನದ್ದು. ಏಪ್ರಿಲ್‌ನಲ್ಲಿ ಬೇಸಿಗೆ ಶಿಬಿರ, ಟೀ ಶರ್ಟ್, ಸರ್ಟಿಫಿಕೇಟು, ಗ್ರೂಪ್ ಫೋಟೊ. ಜೂನ್‌ನಲ್ಲಿ ಆ ಮಕ್ಕಳನ್ನು ಕೇಳುವವರಿಲ್ಲ. ಶಿಬಿರ ಬೇಡ ಅಂತಲ್ಲ, ನನ್ನ ಮಗಳೂ ಹೋಗಿದ್ದಳು, ಖೋ ಖೋ ಕಲಿತಳು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಇದ್ದರು. ಆ ಆಟಕ್ಕೆ ಬೇಕಾಗಿರುವುದು ಎರಡು ಕಂಬ, ಒಂದಿಷ್ಟು ಮಣ್ಣು. ನಮ್ಮ ಭವನದ ಹಿಂದೆ ಮಣ್ಣಿದೆ. ಅಲ್ಲೀಗ ಶಾಮಿಯಾನದ ಕಬ್ಬಿಣ ಬಿದ್ದಿದೆ.

ಹೆಣ್ಣುಮಕ್ಕಳದು ಬೇರೆಯೇ ಕಥೆ. ಏಳನೇ ಕ್ಲಾಸ್ ದಾಟಿದರೆ ಆಟಕ್ಕೆ ಬರುವುದೇ ನಿಂತುಹೋಗುತ್ತದೆ. ಪಕ್ಕದ ರಸ್ತೆಯ ಸ್ತ್ರೀಶಕ್ತಿ ಸಂಘದ ಅಕ್ಕ ಒಬ್ಬರು, "ಐದರಿಂದ ಆರೂವರೆ ನಾನು ಕೂತ್ಕೊತೀನಿ, ಕಳ್ಸಿ" ಅಂದಿದ್ದಾರೆ. ಅವರು ರೆಡಿ. ಬಾಗಿಲು ತೆರೆಯಬೇಕಲ್ಲ?

ನಾನು ಕೇಳುತ್ತಿರುವುದು ಹೊಸ ಕಟ್ಟಡ ಅಲ್ಲ. ಮದುವೆ ಬಾಡಿಗೆ ನಿಲ್ಲಿಸಿ ಅಂತಲೂ ಅಲ್ಲ, ಅದರಿಂದಲೇ ಕರೆಂಟ್ ಬಿಲ್ ಕಟ್ಟುವುದು. ವಾರಕ್ಕೆ ನಾಲ್ಕು ಸಂಜೆ, ಒಂದು ಟ್ಯೂಬ್‌ಲೈಟ್, ಮತ್ತೆ ಕೀ ಇಟ್ಟುಕೊಂಡು ಊರಲ್ಲೇ ಇರುವ ಒಬ್ಬ ಮನುಷ್ಯ. ಆಮೇಲೆ ಕಾಗದ ನೋಡಿಕೊಡುವುದಕ್ಕೆ ನಾನಿದ್ದೇನೆ, ನನ್ನಂಥವರು ಈ ಬಡಾವಣೆಯಲ್ಲಿ ಇನ್ನೂ ನಾಲ್ಕು ಜನ ಸಿಗುತ್ತಾರೆ.

ಬರುವ ಭಾನುವಾರ ಭವನದಲ್ಲಿ ನಾಮಕರಣವಂತೆ. ಆ ವಾಲಿಬಾಲ್ ಹುಡುಗ ಈಗಲೇ ಮೆಸೇಜ್ ಹಾಕಿದ್ದಾನೆ: "ಅಣ್ಣ, ಎಷ್ಟೊತ್ತಿಗೆ ಖಾಲಿ ಮಾಡ್ತಾರಂತೆ?"